ಪುಸ್ತಕದ ಕರ್ತೃ ಯಾರು?

ಮನೆಯಲ್ಲಿ ಶಿಶುವೊಂದು ಹುಟ್ಟಿದರೆ ಪಂಚಾಯತಿನ ಜನನ ರಿಜಿಸ್ಟರಿನಲ್ಲಿ ತಂದೆತಾಯಿಯರ ಹೆಸರನ್ನು ಬರೆಯಿಸುತ್ತೇವೆ. ಹಿತ್ತಿಲು ಕೈ ಬದಲಾದರೆ ಕೊಟ್ಟವರಾರು, ಕೊಂಡವರಾರು ಎಂಬುದು ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ದಾಖಲಾಗುತ್ತದೆ. ಪುಸ್ತಕವೊಂದು ಗ್ರಂಥಾಲಯದ ಕಪಾಟನ್ನು ಸೇರುವಾಗಲೂ ಇಂತಹದೇ ಒಂದು ದಾಖಲೆ ನಡೆಯುತ್ತದೆ. ಪುಸ್ತಕದ ಹೆಸರು, ಅಚ್ಚಾದ ಊರು, ವರ್ಷ, ಪುಟಗಳ ಸಂಖ್ಯೆ ಇವುಗಳ ಜೊತೆಗೆ ‘ಗ್ರಂಥಕರ್ತ’ ಎಂಬ ಒಂದು ಅಂಕಣ. ಮೇಲುನೋಟಕ್ಕೆ ಇದು ಎಲ್ಲಕ್ಕಿಂತಲೂ ಸುಲಭವಾದ ಅಂಕಣವೆಂದು ತೋರುತ್ತದೆ. ಹೆಸರು ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಿದೆ, ನೋಡಿ ಬರೆದರಾಯಿತಲ್ಲ! ಆದರೆ ಗ್ರಂಥಾಲಯಶಾಸ್ತ್ರವನ್ನು ಕಟ್ಟಿದ ವಿದ್ವಾಂಸರನ್ನು ನೂರ ಎಂಬತ್ತು ವರ್ಷಗಳಿಗೂ ಮಿಕ್ಕಿ ಚರ್ಚೆಗೆ ಎಳೆದುದು ಈ ಒಂದು ಅಂಕಣವೇ.

‘ಇದು ಗ್ರಂಥಪಾಲರ ತಲೆನೋವು, ಸಂಸಾರಸ್ಥರಾದ ನಮಗೇಕೆ?’ ಎಂದು ವಾಚಕರು ಕೇಳುವುದು ಸಹಜ. ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಇತರರಿಗಿಂತ ಒಂದು ಪಾಲು ಹೆಚ್ಚೇ ಸಂಬಂಧಿಸಿದ ಸಂಗತಿ. ನಮ್ಮ ಸಾಹಿತ್ಯ ಸಂಪತ್ತಿನಲ್ಲಿ ಅಚ್ಚಾಗಿ ಬಂದುದು ಸ್ವಲ್ಪ; ತಾಳೆಗರಿಯಲ್ಲಿ, ಪ್ರಸಂಗದ ಹಳೆಯ ಪುಸ್ತಕಗಳಲ್ಲಿ, ಹಾಡಿನ ನೋಟುಬುಕ್ಕುಗಳಲ್ಲಿ, ಹಿರಿಯರ ನಾಲಗೆಯ ಮೇಲೆ ಉಳಿದಿರುವುದು ಬಹಳ. ಇವು ಒಂದೊಂದಾಗಿ ಗ್ರಂಥಾಲಯಗಳನ್ನು ಸೇರುತ್ತಿರುವ ಕಾಲವಿದು. ಸೇರುವಾಗ ಯಾರ ಹೆಸರು ಬರೆಯಲ್ಪಡುವುದೋ ಮುಂದಿನ ತಲೆಮಾರಿಗೆ ಆ ಹೆಸರು ಮಾತ್ರವೇ ಗೊತ್ತಿರುತ್ತದೆ. ಬರೆಯದೆ ಬಿಟ್ಟ ಹೆಸರನ್ನು ಐವತ್ತು ವರ್ಷಗಳ ಬಳಿಕ ಹುಡುಕಿ ತೆಗೆಯುವುದು ಎಷ್ಟೋ ವೇಳೆ ಅಸಾಧ್ಯ.

ನಿಯಮಗಳು ಬೆಳೆದು ಬಂದ ಬಗೆ

ರಾಜಕೀಯ ಕಾರಣದಿಂದ ಇಟಲಿಯನ್ನು ಬಿಟ್ಟು ಇಂಗ್ಲೆಂಡಿಗೆ ಬಂದ ಆಂಟೋನಿಯೊ ಪನೀಜ್ಜಿ ಎಂಬವರು ಲಂಡನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಸೇವೆಗೆ ನಿಂತರು. ಅಲ್ಲಿನ ಅಪಾರ ಗ್ರಂಥರಾಶಿಗೆ ಒಂದು ಸೂಚಿಯನ್ನು ಸಿದ್ಧಪಡಿಸುವುದಕ್ಕಾಗಿ ಅವರೂ ಅವರ ಸಹಾಯಕರೂ ಕೂಡಿ ರೂಪಿಸಿದ 91 ನಿಯಮಗಳು 1841ರಲ್ಲಿ ಪ್ರಕಟವಾದುವು. ಅಮೆರಿಕದ ಚಾರ್ಲ್ಸ್ ಕಟ್ಟರ್ 1876ರಲ್ಲಿ ತಮ್ಮ ನಿಯಮಾವಳಿಯನ್ನು ಹೊರತಂದು, ಸೂಚಿಯ ಉದ್ದೇಶವೇನೆಂಬುದನ್ನು ಸ್ಪಷ್ಟಪಡಿಸಿದರು. ಕರ್ತೃವಿನ ಹೆಸರನ್ನಾಗಲಿ, ಪುಸ್ತಕದ ಹೆಸರನ್ನಾಗಲಿ, ವಿಷಯವನ್ನಾಗಲಿ ತಿಳಿದು ಬಂದವನಿಗೆ ಆ ಪುಸ್ತಕ ದೊರೆಯಬೇಕು. ಒಬ್ಬ ಕರ್ತೃವಿನ ಎಷ್ಟು ಪುಸ್ತಕಗಳು ಗ್ರಂಥಾಲಯದಲ್ಲಿವೆ ಎಂಬುದೂ ಅವನಿಗೆ ಒಂದೆಡೆ ಕಾಣಬೇಕು ಎಂಬುದು ಅವರ ಮಾತಿನ ತಾತ್ಪರ್ಯ.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಶೀಯಾಳಿಯಲ್ಲಿ 1892ರಲ್ಲಿ ಜನಿಸಿದ ಎಸ್. ಆರ್. ರಂಗನಾಥನ್. ಅವರು ಮೂಲತಃ ಗಣಿತದ ಅಧ್ಯಾಪಕರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿಯೂ ಕೆಲಕಾಲ ಪಾಠ ಹೇಳಿದವರೆಂಬುದು ನಮ್ಮ ಪ್ರಾಂತದವರಿಗೆ ಹೆಮ್ಮೆಯ ವಿಷಯ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನೂ, 1934ರಲ್ಲಿ ತಮ್ಮದೇ ಸೂಚೀಸಂಹಿತೆಯನ್ನೂ ಪ್ರಕಟಿಸಿದರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಓದುಗನ ಸಮಯವನ್ನು ಉಳಿಸಬೇಕು ಎಂಬುದು ಅವರ ಐದು ಸೂತ್ರಗಳಲ್ಲಿ ಒಂದು. ಕರ್ತೃ ಯಾರೆಂಬ ಚರ್ಚೆಯೂ ಕಡೆಗೆ ಈ ಸೂತ್ರಕ್ಕೇ ಬಂದು ಮುಟ್ಟುತ್ತದೆ. ಓದುಗನು ಯಾವ ಹೆಸರನ್ನು ಹಿಡಿದುಕೊಂಡು ಬರುವನೋ ಆ ಹೆಸರಿನಲ್ಲಿ ಅವನಿಗೆ ಪುಸ್ತಕ ಸಿಕ್ಕಬೇಕು.

1961ರಲ್ಲಿ ಪ್ಯಾರಿಸಿನಲ್ಲಿ ನಾನಾ ದೇಶಗಳ ಪ್ರತಿನಿಧಿಗಳು ಸೇರಿ ಸಮಾನ ತತ್ತ್ವಗಳನ್ನು ಒಪ್ಪಿಕೊಂಡರು. ಅವುಗಳ ಆಧಾರದ ಮೇಲೆ 1967ರಲ್ಲಿ ಆಂಗ್ಲ–ಅಮೆರಿಕನ್ ನಿಯಮಾವಳಿಯೂ, 1978ರಲ್ಲಿ ಅದರ ಎರಡನೆಯ ಆವೃತ್ತಿಯೂ ಬಂದುವು. ಗಣಕಯಂತ್ರದ ಯುಗಕ್ಕೆ ಹೊಂದುವ ಹೊಸ ನಿಯಮಾವಳಿ 2010ರಲ್ಲಿ ಹೊರಬಂದಿತು. ಇವೆಲ್ಲದರ ಒಟ್ಟು ಸಾರವನ್ನು ಹೀಗೆ ಹೇಳಬಹುದು: ಒಂದು ಕೃತಿಯ ಬೌದ್ಧಿಕ ಅಥವಾ ಕಲಾತ್ಮಕವಾದ ತಿರುಳು ಯಾರಿಂದ ಉಂಟಾಯಿತೋ ಅವರು ಅದರ ಕರ್ತೃ. ಅಚ್ಚು ಹಾಕಿಸಿದವರಾಗಲಿ, ಹಣ ಕೊಟ್ಟವರಾಗಲಿ, ಮುನ್ನುಡಿ ಬರೆದ ಮಹನೀಯರಾಗಲಿ ಕರ್ತೃಗಳಲ್ಲ. ಈ ಸೂತ್ರ ಸರಳ; ಇದನ್ನು ಒಂದೊಂದು ಪುಸ್ತಕಕ್ಕೆ ಅನ್ವಯಿಸಿ ನೋಡುವಾಗ ತೊಡಕುಗಳು ತಲೆದೋರುತ್ತವೆ.

ಒಬ್ಬರೋ, ಹಲವರೋ, ಸಮಿತಿಯೋ?

ನಮ್ಮ ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೋ ಶಾಲೆಯ ಶತಮಾನೋತ್ಸವಕ್ಕೋ ಒಂದು ಸ್ಮರಣ ಸಂಚಿಕೆ ಹೊರಟಿತೆನ್ನೋಣ. ಇಪ್ಪತ್ತು ಮಂದಿಯ ಲೇಖನಗಳು ಅದರಲ್ಲಿವೆ. ಸಂಪಾದಕರು ಅವನ್ನು ಕೇಳಿ ತರಿಸಿ, ತಿದ್ದಿ, ಜೋಡಿಸಿದ್ದಾರೆ. ಇದರ ಕರ್ತೃ ಯಾರು? 1978ರ ನಿಯಮಗಳ ಪ್ರಕಾರ ಸಂಪಾದಕರು ಕರ್ತೃಗಳಲ್ಲ. ಇಂತಹ ಪುಸ್ತಕವನ್ನು ಅದರ ಹೆಸರಿನಡಿಯಲ್ಲಿಯೇ ದಾಖಲಿಸಿ, ಸಂಪಾದಕರ ಹೆಸರನ್ನು ‘ಸಂಪಾದಕ’ ಎಂದೇ ಬೇರೆಯಾಗಿ ಕಾಣಿಸಬೇಕು. ಇನ್ನೊಂದು ಕಟ್ಟಳೆಯೂ ಆ ನಿಯಮಾವಳಿಯಲ್ಲಿತ್ತು. ಮೂವರವರೆಗೆ ಕೂಡಿ ಬರೆದಿದ್ದರೆ ಮೂವರ ಹೆಸರನ್ನೂ ಬರೆಯುವುದು. ಮೂವರಿಗಿಂತ ಹೆಚ್ಚಾದರೆ ಮೊದಲನೆಯವರ ಹೆಸರನ್ನು ಮಾತ್ರ ಹೇಳಿ ಉಳಿದವರನ್ನು ‘ಮತ್ತಿತರರು’ ಎಂದು ಬಿಡುವುದು. ಕಾರ್ಡಿನಲ್ಲಿ ಸ್ಥಳವಿಲ್ಲದ ಕಾಲದಲ್ಲಿ ಇದಕ್ಕೊಂದು ಅರ್ಥವಿತ್ತು. 2010ರ ನಿಯಮಾವಳಿಯು ಈ ಕಟ್ಟನ್ನು ಸಡಿಲಿಸಿ, ಎಲ್ಲರ ಹೆಸರನ್ನೂ ಬರೆಯುವುದಕ್ಕೆ ದಾರಿ ಮಾಡಿಕೊಟ್ಟಿತು.

ವ್ಯಕ್ತಿಯ ಬದಲಿಗೆ ಒಂದು ಸಂಸ್ಥೆಯೇ ಕರ್ತೃವಾಗಬಹುದೆ? ಆಗಬಹುದೆಂದು ಕಟ್ಟರ್ ಒಪ್ಪಿದರು. ಜರ್ಮನಿಯ ಹಳೆಯ ನಿಯಮಗಳು ಒಪ್ಪಲಿಲ್ಲ. ರಂಗನಾಥನ್ ಅವರು ಸರಕಾರ, ಸಂಸ್ಥೆ, ಸಮ್ಮೇಳನ ಎಂಬ ಮೂರು ಬಗೆಯ ಸಮಷ್ಟಿ ಕರ್ತೃಗಳನ್ನು ಅಂಗೀಕರಿಸಿದರು. ನಮಗೆಲ್ಲ ಪರಿಚಿತವಾದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದ 1967ರ ವರದಿಯನ್ನು ನಮ್ಮಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ‘ಮಹಾಜನ ವರದಿ’ ಎಂದೇ ಕರೆಯುತ್ತಾರೆ. ಗ್ರಂಥಾಲಯದಲ್ಲಿ ಮೆಹರ್‌ಚಂದ್ ಮಹಾಜನರ ಹೆಸರಿನಲ್ಲಿ ಹುಡುಕಿದರೆ ಅದು ಕಾಣದೆ ಹೋಗಬಹುದು. ಏಕೆಂದರೆ ಅದು ನ್ಯಾಯಮೂರ್ತಿಗಳು ತಮ್ಮ ಸ್ವಂತ ಹೆಸರಿನಲ್ಲಿ ಬರೆದ ಗ್ರಂಥವಲ್ಲ. ಮಹಾರಾಷ್ಟ್ರ–ಮೈಸೂರು–ಕೇರಳ ಗಡಿ ವಿವಾದಗಳ ಆಯೋಗವು ಸರಕಾರಕ್ಕೆ ಒಪ್ಪಿಸಿದ ವರದಿ. ಆದುದರಿಂದ ಆಯೋಗವೇ ಅದರ ಕರ್ತೃ. ಆದರೆ ಒಳ್ಳೆಯ ಗ್ರಂಥಪಾಲನು ಇಷ್ಟಕ್ಕೆ ಸುಮ್ಮನಾಗನು. ‘ಮಹಾಜನ’ ಎಂಬಲ್ಲಿಯೂ ಒಂದು ಕಾರ್ಡು ಇಟ್ಟು ಓದುಗನನ್ನು ಸರಿಯಾದ ಜಾಗಕ್ಕೆ ಕಳುಹಿಸುವನು. ನಿಯಮಕ್ಕೆ ನಿಯಮವೂ ಉಳಿಯಿತು. ಬಂದವನು ಬರಿಗೈಯಲ್ಲಿ ಹೋಗುವುದೂ ತಪ್ಪಿತು.

ಕವಿ ಯಾರೆಂಬುದೇ ವಿವಾದವಾದಾಗ

ಹಳೆಯ ಗ್ರಂಥಗಳ ಸಂದರ್ಭದಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನೇ ನೋಡಿರಿ. 1898ರಲ್ಲಿ ಕೆ. ಬಿ. ಪಾಠಕರು ಇದನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಗ್ರಂಥದೊಳಗೆ ಇದು ನೃಪತುಂಗದೇವನಿಗೆ ‘ಅನುಮತ’ವಾದುದೆಂಬ ಮಾತಿದೆಯೆಂಬುದನ್ನು ಎತ್ತಿ ತೋರಿಸಿದ ವಿದ್ವಾಂಸರು, ಅರಸನು ಒಪ್ಪಿದ ಕೃತಿಯನ್ನು ಬರೆದವನು ಆಸ್ಥಾನದ ಶ್ರೀವಿಜಯನೆಂದು ವಾದಿಸಿದರು. ಎಂ. ವಿ. ಸೀತಾರಾಮಯ್ಯನವರ ಆವೃತ್ತಿಯು ಶ್ರೀವಿಜಯನ ಹೆಸರಿನಲ್ಲಿಯೇ ಹೊರಬಂದಿತು. ಈಗ ಎರಡು ಆವೃತ್ತಿಗಳೂ ಒಂದೇ ಗ್ರಂಥಾಲಯದಲ್ಲಿದ್ದರೆ ಒಂದೇ ಕೃತಿ ‘ನೃ’ ಎಂಬಲ್ಲಿ ಒಂದು, ‘ಶ್ರೀ’ ಎಂಬಲ್ಲಿ ಒಂದು ಎಂದು ಎರಡಾಗಿ ಒಡೆಯುತ್ತದೆ. ಒಪ್ಪಿಗೆ ನೀಡಿದವನೂ ರಚಿಸಿದವನೂ ಬೇರೆ ಬೇರೆ ಎಂಬ ವಿವೇಕವನ್ನು ಕವಿರಾಜಮಾರ್ಗದ ಆ ಒಂದು ಮಾತೇ ನಮಗೆ ಕಲಿಸುವಂತಿದೆ.

ನಮ್ಮ ಕುಂಬಳೆಯ ಪಾರ್ತಿಸುಬ್ಬನ ಪ್ರಶ್ನೆಯಂತೂ ನಮ್ಮ ಮನೆಯಂಗಳದ ಪ್ರಶ್ನೆ. ‘ಪಂಚವಟಿ’, ‘ವಾಲಿ ಸುಗ್ರೀವರ ಕಾಳಗ’ ಮುಂತಾದ ರಾಮಾಯಣ ಪ್ರಸಂಗಗಳನ್ನು ನಮ್ಮ ಹಿರಿಯರು ಪಾರ್ತಿಸುಬ್ಬನವೆಂದೇ ನಂಬಿ ಹಾಡಿದರು, ಕುಣಿದರು. ಮುಳಿಯ ತಿಮ್ಮಪ್ಪಯ್ಯನವರು ಆ ಕವಿಯ ಕುರಿತು ಗ್ರಂಥವನ್ನೇ ಬರೆದರು. ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಪರಿಷ್ಕರಿಸಿ ಅವನ ಹೆಸರಿನಲ್ಲಿ ಸಂಪಾದಿಸಿದರು. ಕೋಟ ಶಿವರಾಮ ಕಾರಂತರು ಈ ಕರ್ತೃತ್ವವನ್ನು ಸಂದೇಹಿಸಿ ವಾದ ಹೂಡಿದರು. ಇಂತಹ ಸ್ಥಳದಲ್ಲಿ ಗ್ರಂಥಪಾಲನು ನ್ಯಾಯಾಧೀಶನಾಗಿ ತೀರ್ಪು ಕೊಡಬೇಕಾಗಿಲ್ಲ. ಪರಂಪರೆಯೂ ಆಧಾರಗ್ರಂಥಗಳೂ ಯಾರನ್ನು ಹೆಸರಿಸುತ್ತವೆಯೋ ಅವರ ಹೆಸರಿನಲ್ಲಿ ದಾಖಲಿಸಿ, ‘ಎಂದು ಹೇಳಲಾಗಿದೆ’ ಎಂಬ ಟಿಪ್ಪಣಿಯನ್ನು ಸೇರಿಸುವುದು ಅವನ ಕೆಲಸ. ಅಭಿಮಾನದಿಂದ ಆ ಟಿಪ್ಪಣಿಯನ್ನು ಅಳಿಸುವುದೂ ಸಲ್ಲದು. ಸಂದೇಹವಿದೆಯೆಂದು ಹೆಸರನ್ನೇ ಹೊಡೆದುಹಾಕುವುದೂ ಸಲ್ಲದು.

ಮತ್ತೊಂದು ವಿಚಿತ್ರವಾದ ಸಂಗತಿ ಮುದ್ದಣನದು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಬಡವರು. ‘ಅದ್ಭುತ ರಾಮಾಯಣ’, ‘ಶ್ರೀರಾಮಾಶ್ವಮೇಧ’ಗಳನ್ನು ತಾವೇ ಬರೆದು, ಯಾರೋ ಹಿಂದಿನ ಕವಿಯ ಕೃತಿಗಳೆಂಬಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದರು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯರೋಗದಿಂದ ಅವರು ತೀರಿಕೊಂಡ ಮೇಲೆಯೇ ಮುದ್ದಣನಾರೆಂಬ ಗುಟ್ಟು ಲೋಕಕ್ಕೆ ನಿಶ್ಚಯವಾಗಿ ತಿಳಿದುದು. ಅಚ್ಚಾದ ಪುಟವೇ ಒಂದನ್ನು ಹೇಳುತ್ತಿದ್ದು ಸತ್ಯ ಬೇರೆಯಾಗಿದ್ದರೆ ಏನು ಮಾಡತಕ್ಕದ್ದು? ನಿಜವಾದ ಕರ್ತೃ ತಿಳಿದ ಮೇಲೆ ಕೃತಿಯನ್ನು ಅವನಿಗೇ ಸಲ್ಲಿಸಬೇಕು, ಮೊದಲಿನ ಹೆಸರಿನಿಂದಲೂ ದಾರಿ ತೋರಿಸಬೇಕು ಎಂಬುದೇ ನಿಯಮ. ಸೂಚಿಯ ಕಾರ್ಡು ಒಮ್ಮೆ ಬರೆದು ಮುಗಿಸುವಂತಹದಲ್ಲ, ಹೊಸ ತಿಳಿವು ಬಂದಂತೆ ತಿದ್ದುತ್ತಿರಬೇಕಾದುದೆಂಬುದಕ್ಕೆ ಇದೇ ಸಾಕ್ಷಿ.

ಅನುವಾದಕನ ಪಾಲು

ಎರಡು ಮೂರು ಭಾಷೆಗಳ ನಡುವೆ ಬಾಳುವ ನಮಗೆ ಅನುವಾದವೆಂಬುದು ದಿನನಿತ್ಯದ ಬದುಕು. ಒಂದು ಮಲಯಾಳ ಕಾದಂಬರಿಯನ್ನೋ ಮರಾಠಿ ನಾಟಕವನ್ನೋ ಕನ್ನಡಕ್ಕೆ ತಂದರೆ ಕರ್ತೃ ಮೂಲ ಲೇಖಕನೇ. ಅನುವಾದಕನ ಹೆಸರು ‘ಅನುವಾದಕ’ ಎಂಬ ಪದವಿಯೊಡನೆ ಬರತಕ್ಕದ್ದು. ಇದು ಅನುವಾದಕನ ಶ್ರಮವನ್ನು ಕಡೆಗಣಿಸಿದಂತಲ್ಲ. ತಿರುಳು ಮೂಲದ್ದು, ಮಾತು ಇವನದು ಎಂಬ ವಿವರಣೆ ಅಷ್ಟೆ. ಆದರೆ ಮೂಲವನ್ನು ಮುಂದಿಟ್ಟುಕೊಂಡು ಹೊಸದೇ ಕೃತಿಯನ್ನು ಕಟ್ಟಿದರೆ ಲೆಕ್ಕ ಬೇರೆಯಾಗುತ್ತದೆ. ಪಂಪನ ‘ವಿಕ್ರಮಾರ್ಜುನವಿಜಯ’ದ ಕಥೆ ವ್ಯಾಸಭಾರತದ್ದೇ ಆದರೂ ಅದನ್ನು ವ್ಯಾಸರ ಹೆಸರಿನಡಿಯಲ್ಲಿ ಹುಡುಕುವವರುಂಟೆ? ಕುಮಾರವ್ಯಾಸನ ಭಾರತವನ್ನು ಗದುಗಿನ ನಾರಣಪ್ಪನದೆಂದಲ್ಲದೆ ಬೇರೆಯಾಗಿ ಯಾರೂ ಎಣಿಸರು. ಭಾಷಾಂತರಿಸಿದವನು ಅನುವಾದಕ, ಕಥೆಯನ್ನು ತನ್ನದಾಗಿ ಮಾಡಿ ಮರುಸೃಷ್ಟಿಸಿದವನು ಕರ್ತೃ. ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಪುಸ್ತಕವನ್ನು ಓದಿಯೇ ನಿರ್ಧರಿಸಬೇಕಲ್ಲದೆ ಹೊದಿಕೆಯನ್ನು ನೋಡಿ ಅಲ್ಲ.

ಹಾಡಿದವರ ಹೆಸರು

ಇಷ್ಟರವರೆಗೆ ಹೇಳಿದುದೆಲ್ಲ ಲೇಖನಿ ಹಿಡಿದವರ ಮಾತಾಯಿತು. ಅಕ್ಷರ ಬಾರದವರ ಪಾಡೇನು? ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿ ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿಗಳು 1886ರಲ್ಲಿ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅವರು ಆ ಕೆಲಸ ಮಾಡದಿದ್ದಲ್ಲಿ ಎಷ್ಟೋ ಪಾಡ್ದನಗಳ ಹಳೆಯ ಪಾಠಗಳು ನಮಗೆ ದೊರೆಯುತ್ತಿರಲಿಲ್ಲ. ಆ ಉಪಕಾರವನ್ನು ಸ್ಮರಿಸಲೇಬೇಕು. ಆದರೆ ಇಂದು ಸೂಚಿಗಳಲ್ಲಿ ಆ ಪುಸ್ತಕದ ಮುಂದೆ ಕಾಣುವುದು ಮ್ಯಾನರ್ ಎಂಬ ಒಂದು ಹೆಸರು ಮಾತ್ರ. ನೇಜಿ ನೆಡುತ್ತಾ ಕೆಸರುಗದ್ದೆಯಲ್ಲಿ, ಭೂತದ ಕೊಡಿಯಡಿಯಲ್ಲಿ ಆ ಪಾಡ್ದನಗಳನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದವರ ಹೆಸರಿಗೆ ಆ ಕಾರ್ಡಿನಲ್ಲಿ ಒಂದು ಗೆರೆಯೂ ಇಲ್ಲ.

ಇದಕ್ಕೆ ಪ್ರತಿಯಾಗಿ ನೂರು ವರ್ಷಗಳ ಅನಂತರದ ಇನ್ನೊಂದು ಪುಸ್ತಕವನ್ನು ನೋಡೋಣ. ಬೆಳ್ತಂಗಡಿ ತಾಲೂಕಿನ ಮಾಚಾರಿನ ರೈತರಾದ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಆರು ದಿನಗಳ ಕಾಲ ಸಿರಿಯ ಕಥೆಯನ್ನು ತುಳುವಿನಲ್ಲಿ ಹಾಡಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ, ಜೊತೆಗೆ ಆನೆಲಿ ಹೊಂಕೊ ಇವರೆಲ್ಲ ಕೂಡಿ ಅದನ್ನು ಧ್ವನಿಮುದ್ರಿಸಿ, ಬರೆದುಕೊಂಡು, ಅನುವಾದಿಸಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದರು. 15,683 ಸಾಲುಗಳ ಮಹಾಕಾವ್ಯವದು. ಅದರ ಶೀರ್ಷಿಕೆಯಲ್ಲಿಯೇ ‘ಗೋಪಾಲ ನಾಯ್ಕರು ಹಾಡಿದಂತೆ’ ಎಂಬ ಅರ್ಥದ ಮಾತು ಸೇರಿದೆ. ಅವರು ಕಥೆಯನ್ನು ಹೊಸತಾಗಿ ಹುಟ್ಟಿಸಿದರೆಂದು ಅಲ್ಲಿ ಹೇಳಿಲ್ಲ. ಅಂದು ಆ ರೂಪದಲ್ಲಿ ಅದನ್ನು ಹಾಡಿ ಕೊಟ್ಟವರು ಅವರು ಎಂದಿದೆ. ಆ ನಾಲ್ಕು ಶಬ್ದಗಳಿಂದಾಗಿ ಲೋಕದ ಯಾವ ಮೂಲೆಯ ಗ್ರಂಥಾಲಯದಲ್ಲಿಯೂ ಈ ಪುಸ್ತಕದ ಹೆಸರಿನೊಡನೆ ಮಾಚಾರಿನ ರೈತರೊಬ್ಬರ ಹೆಸರು ಸೇರಿಕೊಂಡಿರುತ್ತದೆ.

ತಾಳಮದ್ದಳೆಯ ಧ್ವನಿಸುರುಳಿಗಳ ವಿಷಯದಲ್ಲಿಯೂ ಇದೇ ಪ್ರಶ್ನೆ. ಪದ್ಯಗಳು ಪ್ರಸಂಗಕರ್ತನವು. ರಾಗ ತಾಳಗಳ ನಡೆ ಭಾಗವತರದು. ಅರ್ಥವಾದರೋ ಆ ರಾತ್ರಿ ಆ ಕೂಟದಲ್ಲಿ ಅರ್ಥಧಾರಿಯ ಬಾಯಿಯಿಂದ ಹೊಸತಾಗಿ ಹುಟ್ಟಿದುದು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನೋ ಮಾಗಧನನ್ನೋ ಕೇಳಬೇಕೆಂದು ಬಂದ ಕೇಳುಗನು ಪ್ರಸಂಗಕರ್ತನ ಹೆಸರನ್ನು ಹೇಳಿಕೊಂಡು ಬರುವುದಿಲ್ಲ, ‘ಶೇಣಿಯವರದ್ದು ಉಂಟೋ?’ ಎಂದೇ ಕೇಳುತ್ತಾನೆ. ಒಂದೇ ಕೃತಿಯ ಧ್ವನಿಮುದ್ರಣವಾದರೆ ರಚಿಸಿದವನ ಹೆಸರು, ಹಲವರ ಕೃತಿಗಳನ್ನು ಒಬ್ಬ ಕಲಾವಿದನು ಹಾಡಿದ್ದರೆ ಆ ಕಲಾವಿದನ ಹೆಸರು ಎಂಬ ಆಂಗ್ಲ–ಅಮೆರಿಕನ್ ನಿಯಮವು ಸಂಗೀತವನ್ನು ಮನಸ್ಸಿನಲ್ಲಿಟ್ಟು ಮಾಡಿದುದು. ನಮ್ಮ ತಾಳಮದ್ದಳೆಗೆ ಅದು ಪೂರ್ತಿಯಾಗಿ ಒಪ್ಪುವುದಿಲ್ಲ. ಇಲ್ಲಿ ಪದ್ಯಕ್ಕೆ ಒಬ್ಬ ಕರ್ತೃ, ಮಾತಿಗೆ ಮೂರು ನಾಲ್ಕು ಮಂದಿ ಕರ್ತೃಗಳು. ಎಲ್ಲರ ಹೆಸರನ್ನೂ ಅವರವರ ಕೆಲಸದೊಡನೆ ಬರೆದಿಡುವುದೇ ಇದಕ್ಕೆ ಉಳಿದಿರುವ ದಾರಿ.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಬೇಕು. ಕಾನೂನಿನ ‘ಕರ್ತೃ’ವೂ ಗ್ರಂಥಾಲಯದ ಕರ್ತೃವೂ ಒಂದೇ ಅಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯು ಧ್ವನಿಮುದ್ರಣಕ್ಕೆ ಅದರ ನಿರ್ಮಾಪಕನನ್ನೇ ಕರ್ತೃವೆಂದು ಗಣಿಸುತ್ತದೆ. ಹಾಡಿದವರಿಗೂ ಆಡಿದವರಿಗೂ ಪ್ರತ್ಯೇಕ ಹಕ್ಕು ದೊರೆತುದು 1994ರ ತಿದ್ದುಪಡಿಯಿಂದ. ಕಾನೂನು ಕೇಳುವುದು ಹಣ ಯಾರಿಗೆ ಸಲ್ಲಬೇಕೆಂದು. ಗ್ರಂಥಪಾಲನು ಕೇಳುವುದು ಇದು ಯಾರ ಬುದ್ಧಿಯ, ಯಾರ ಕಂಠದ ಫಲವೆಂದು. ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಬರಬೇಕೆಂದೇನೂ ಇಲ್ಲ.

ಒಬ್ಬರಿಗೆ ನಾಲ್ಕು ಹೆಸರು

ಕರ್ತೃ ಯಾರೆಂದು ನಿಶ್ಚಯವಾದ ಮೇಲೂ ಯಾವ ಹೆಸರಿನಲ್ಲಿ ಬರೆಯಬೇಕೆಂಬ ಸಮಸ್ಯೆ ಉಳಿಯುತ್ತದೆ. ನಮ್ಮ ರಾಷ್ಟ್ರಕವಿಗಳು ಮಂಜೇಶ್ವರ ಗೋವಿಂದ ಪೈಗಳು. ಒಂದು ರಿಜಿಸ್ಟರಿನಲ್ಲಿ ‘ಮಂಜೇಶ್ವರ’ ಎಂದು, ಇನ್ನೊಂದರಲ್ಲಿ ‘ಎಂ. ಗೋವಿಂದ ಪೈ’ ಎಂದು, ಮತ್ತೊಂದರಲ್ಲಿ ‘ಗೋವಿಂದ ಪೈ’ ಎಂದು, ಪಾಶ್ಚಾತ್ಯ ಪದ್ಧತಿಯನ್ನು ಅನುಸರಿಸುವಲ್ಲಿ ‘ಪೈ’ ಎಂದು ಬರೆದರೆ ಒಬ್ಬರೇ ಕವಿ ನಾಲ್ಕು ಅಕ್ಷರಗಳಡಿಯಲ್ಲಿ ಚೆದರಿಹೋಗುತ್ತಾರೆ. ಬೇಂದ್ರೆಯವರನ್ನು ಅಂಬಿಕಾತನಯದತ್ತರೆಂದು ಹುಡುಕುವವರೂ ಉಂಟು, ಪುಟ್ಟಪ್ಪನವರನ್ನು ಕುವೆಂಪು ಎಂದಲ್ಲದೆ ಬೇರೆ ಹೆಸರಿನಿಂದ ಅರಿಯದ ಮಕ್ಕಳೂ ಉಂಟು. ಲೋಕರೂಢಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಹೆಸರನ್ನು ಆರಿಸಿ ಅದನ್ನೇ ಸ್ಥಿರಪಡಿಸಿ, ಉಳಿದ ಹೆಸರುಗಳಿಂದ ಅಲ್ಲಿಗೆ ದಾರಿ ಕೊಡುವುದು ಒಪ್ಪಿತವಾದ ಕ್ರಮ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುವುದರಿಂದ ಗಣಕಯಂತ್ರವು ಒಬ್ಬರನ್ನೇ ಹಲವರೆಂದು ಭ್ರಮಿಸಬಹುದು. ಮೂಲ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ದಾಖಲಿಸಬೇಕೆಂದು ಗಡಿನಾಡಿನ ಗ್ರಂಥಾಲಯಗಳಲ್ಲಿ ನಾವು ಆಗ್ರಹಿಸಬೇಕಾದುದು ಈ ಕಾರಣಕ್ಕಾಗಿ.

ಈಗ ಗಣಕಯಂತ್ರದಲ್ಲಿ ಯಾವ ಹೆಸರನ್ನು ಒತ್ತಿದರೂ ಪುಸ್ತಕ ಸಿಗುತ್ತದೆ, ಹಾಗಿರುವಾಗ ಕರ್ತೃ ಯಾರೆಂಬ ಚರ್ಚೆ ಏಕೆ ಎಂದು ಕೆಲವರು ಹೇಳುವುದುಂಟು. ಹೆಸರನ್ನು ಒತ್ತಿದರೆ ಸಿಗುವುದು ನಿಜ. ಆದರೆ ಯಾರೋ ಒಬ್ಬರು ಆ ಹೆಸರನ್ನು ಮೊದಲು ಅದರಲ್ಲಿ ಬರೆದಿರಬೇಕಲ್ಲವೆ? ಬರೆಯದ ಹೆಸರನ್ನು ಯಾವ ಯಂತ್ರವೂ ಹುಡುಕಿ ಕೊಡದು. ಮಾತ್ರವಲ್ಲ, ಹೊಸ ನಿಯಮಗಳಲ್ಲಿ ಪ್ರತಿಯೊಂದು ಹೆಸರಿನ ಮುಂದೆಯೂ ಲೇಖಕ, ಸಂಪಾದಕ, ಅನುವಾದಕ, ಗಾಯಕ, ನಿರೂಪಕ ಎಂದು ಕೆಲಸವನ್ನು ಹೇಳುವ ಪದವನ್ನು ಸೇರಿಸಲು ಅನುಕೂಲವಿದೆ. ಹಿಂದೆ ಒಂದೇ ಗೆರೆಯಿದ್ದಲ್ಲಿ ಈಗ ಬೇಕಾದಷ್ಟು ಗೆರೆಗಳಿವೆ. ಅವನ್ನು ತುಂಬುವ ತಿಳಿವಳಿಕೆಯನ್ನು ನಾವು ಒದಗಿಸಬೇಕು.

ನೋಟುಬುಕ್ಕಿನ ಕರ್ತೃ

ಕೇರಳದ ಶಾಲೆಗಳಲ್ಲಿ ಗ್ರಂಥಾಲಯ ಚಳುವಳಿಯ ಪಿ. ಎನ್. ಪಣಿಕ್ಕರರ ನೆನಪಿಗಾಗಿ ಜೂನ್ 19ನ್ನು ವಾಚನ ದಿನವಾಗಿ ಆಚರಿಸುವುದು ವಾಚಕರಿಗೆ ತಿಳಿದ ವಿಷಯ. ಆ ಸಂದರ್ಭದಲ್ಲಿ ನಮ್ಮ ಶಾಲೆಯ ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿರುವ ಪುಸ್ತಕಗಳ ಪಟ್ಟಿಯನ್ನು ತಯಾರಿಸಿ ತರುವ ಕ್ರಮವನ್ನು ಇಟ್ಟುಕೊಂಡಿದ್ದೇವೆ. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಹಳೆಯ ನೋಟುಬುಕ್ಕೊಂದನ್ನೇ ತಂದಳು. ಅದರ ತುಂಬ ಮದುವೆಯ ಶೋಭಾನೆಗಳು, ತೊಟ್ಟಿಲ ಹಾಡುಗಳು. ‘ಮಾಷ್ಟ್ರೇ, ಗ್ರಂಥಕರ್ತ ಅಂತ ಇರುವಲ್ಲಿ ಯಾರ ಹೆಸರು ಬರೆಯಲಿ?’ ಎಂದಳು. ಅಕ್ಷರ ಅವಳ ಸೋದರಮಾವನದು. ಹಾಡು ಅಜ್ಜಿಯದು. ಅಜ್ಜಿಯನ್ನು ವಿಚಾರಿಸಿದರೆ, ‘ಅದು ನನ್ನದೆಲ್ಲಿ ಮಗಾ, ನನ್ನ ಅಮ್ಮ ಹೇಳಿಕೊಟ್ಟದ್ದು’ ಎಂದರಂತೆ.

ಸೋದರಮಾವನ ಹೆಸರನ್ನು ಬರೆಯೋಣವೆಂದರು ಕೆಲವು ಮಕ್ಕಳು, ಏಕೆಂದರೆ ಬರೆದವರು ಅವರು. ಅಜ್ಜಿಯ ಹೆಸರೆಂದರು ಉಳಿದವರು. ತರಗತಿಯಲ್ಲಿ ಒಂದು ಪೀರಿಯಡ್ ಪೂರ್ತಿ ಇದೇ ಚರ್ಚೆ ನಡೆಯಿತು. ಕೊನೆಗೆ ಮಕ್ಕಳೇ ಕರ್ತೃವಿನ ಅಂಕಣದಲ್ಲಿ ‘ಪರಂಪರೆಯ ಹಾಡುಗಳು’ ಎಂದು ಬರೆದು, ಕೆಳಗೆ ಮೂರು ಗೆರೆಗಳನ್ನು ಎಳೆದರು. ಹಾಡಿದವರು ಅಜ್ಜಿ; ಅವರಿಗೆ ಕಲಿಸಿದವರು ಅವರ ತಾಯಿ; ಬರೆದುಕೊಂಡವರು ಸೋದರಮಾವ. ಮೂವರ ಹೆಸರೂ, ಅವರವರ ಊರೂ, ಬರೆದುಕೊಂಡ ವರ್ಷವೂ ಅಲ್ಲಿ ಸೇರಿತು. ಪನೀಜ್ಜಿಯವರಿಂದ ಇಂದಿನವರೆಗೆ ವಿದ್ವಾಂಸರು ನಡೆದು ಬಂದ ದಾರಿಯನ್ನು ಈ ಮಕ್ಕಳು ನಲುವತ್ತು ನಿಮಿಷದಲ್ಲಿ ನಡೆದರೆನ್ನಬಹುದು.

ಅಜ್ಜಿಯ ಮೇಲಿನ ಪ್ರೀತಿಯಿಂದ ‘ಗ್ರಂಥಕರ್ತ್ರಿ’ ಎಂದು ಅವರ ಹೆಸರನ್ನೇ ಬರೆಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಬರೆದಿದ್ದರೆ ಅಜ್ಜಿಯೇ ಒಪ್ಪುತ್ತಿರಲಿಲ್ಲ. ಗೌರವ ಸಲ್ಲಿಸುವುದು ಬೇರೆ, ದಾಖಲೆ ಬರೆಯುವುದು ಬೇರೆ. ದಾಖಲೆಯಲ್ಲಿ ಒಬ್ಬರು ಏನು ಮಾಡಿದರೋ ಅಷ್ಟನ್ನು, ಕೂಡಿಸದೆ ಕಳೆಯದೆ ಬರೆಯಬೇಕು. ಹಾಗೆ ಬರೆದಾಗ ದೊಡ್ಡವರ ಹೆಸರಿನ ನೆರಳಿನಲ್ಲಿ ಸಣ್ಣವರ ಹೆಸರು ಮರೆಯಾಗುವುದಿಲ್ಲ. ಓದು ಬಾರದ ಮುದುಕಿಯೂ, ಪ್ರತಿ ಮಾಡಿದ ಬಡ ಶಾನುಭೋಗನೂ, ಗದ್ದೆಯಲ್ಲಿ ಹಾಡಿದ ಹೆಂಗಸೂ ತಮತಮಗೆ ಸಲ್ಲತಕ್ಕ ಜಾಗದಲ್ಲಿ ಉಳಿಯುತ್ತಾರೆ.

ವಾಚಕರಲ್ಲಿ ಒಂದು ಬಿನ್ನಹ

ಕಾಸರಗೋಡಿನ ಮನೆಗಳಲ್ಲಿ ಪ್ರಸಂಗದ ತಾಳೆಗರಿಗಳಿರುವಂತೆ ಸೊಲ್ಲಾಪುರ, ಅಕ್ಕಲಕೋಟೆಗಳ ಮನೆಗಳಲ್ಲಿ ವಚನಗಳ, ತತ್ತ್ವಪದಗಳ ಕೈಬರಹಗಳಿರಬಹುದು. ನೀಲಗಿರಿ, ತಾಳವಾಡಿಗಳ ಕಡೆ ಮಾದಪ್ಪನ ಹಾಡುಗಳನ್ನು ಬಲ್ಲ ಹಿರಿಯರಿರಬಹುದು. ಆದವಾನಿ, ಮಡಕಶಿರಾಗಳ ಕಡೆ ಬಯಲಾಟದ ಪುಸ್ತಕಗಳಿರಬಹುದು. ಇವು ಒಂದು ದಿನ ಯಾವುದಾದರೊಂದು ವಿಶ್ವವಿದ್ಯಾಲಯಕ್ಕೋ ಗ್ರಂಥಾಲಯಕ್ಕೋ ಹೋಗುವುವು. ಅಲ್ಲಿ ಕುಳಿತು ಸೂಚಿ ಬರೆಯುವವರಿಗೆ ನಮ್ಮ ಭಾಷೆ ಬಾರದಿರಬಹುದು; ಬಂದರೂ ನಮ್ಮ ಮನೆಯ ಸಂಗತಿ ತಿಳಿಯದು. ಅವರು ಪುಸ್ತಕದ ಮೇಲೆ ಬರೆದುದನ್ನು ನಂಬಬೇಕಷ್ಟೆ. ಏನೂ ಬರೆದಿರದಿದ್ದರೆ ‘ಅಜ್ಞಾತ ಕರ್ತೃ’ ಎಂದೋ, ಕೊಂಡುಹೋಗಿ ಕೊಟ್ಟವರ ಹೆಸರೆಂದೋ ನಮೂದಾಗುತ್ತದೆ.

ಆದುದರಿಂದ ಹಿರಿಯರು ಮನೆಯಲ್ಲಿ ಇರುವಾಗಲೇ, ಅವರ ನೆನಪು ಸರಿಯಾಗಿರುವಾಗಲೇ, ಅವರ ಬಳಿ ಕುಳಿತು ಕೇಳಿರಿ. ರಚಿಸಿದವರು ಯಾರು, ಗೊತ್ತಿಲ್ಲವಾದರೆ ಯಾರದೆಂದು ಹೇಳುವ ವಾಡಿಕೆ, ಹಾಡಿದವರು ಅಥವಾ ಹೇಳಿದವರು ಯಾರು, ಅವರು ಯಾರಿಂದ ಕಲಿತರು, ಬರೆದುಕೊಂಡವರು ಯಾರು, ಊರು ಯಾವುದು, ವರ್ಷ ಯಾವುದು ಎಂಬ ಆರೇಳು ಸಂಗತಿಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಸ್ಫುಟವಾಗಿ ಬರೆದು ಪುಸ್ತಕದೊಳಗೆ ಇಡಿರಿ. ತಾಳೆಗರಿಯ ಮೇಲೆ ಹೊಸದಾಗಿ ಏನನ್ನೂ ಗೀಚಬೇಡಿರಿ. ಹಾಳೆಯನ್ನು ಅದರ ಕಟ್ಟಿನೊಡನೆ ಇರಿಸಿದರೆ ಸಾಕು. ಸಂದೇಹವಿದ್ದಲ್ಲಿ ಸಂದೇಹವಿದೆಯೆಂದೇ ಬರೆಯಿರಿ. ಈ ಕೆಲಸಕ್ಕೆ ಖರ್ಚಿಲ್ಲ, ಪಾಂಡಿತ್ಯವೂ ಬೇಕಾಗಿಲ್ಲ. ಒಂದು ಸಂಜೆಯ ಬಿಡುವು, ಕೇಳುವ ತಾಳ್ಮೆ ಇಷ್ಟಿದ್ದರೆ ಆಯಿತು. ಮನೆಯ ಮಕ್ಕಳ ಕೈಯಲ್ಲಿಯೇ ಅದನ್ನು ಬರೆಯಿಸಿದರೆ ಇನ್ನೂ ಉತ್ತಮ.